ಟಪಾಲು ಬಂಡಿ ನಿಲ್ಲುತ್ತಿದ್ದ ಮನೆ

ಕುಸಿದ ಮನೆಯೊಂದನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರೆ ಅದನ್ನು ಹಳೆಯದೆನ್ನಬೇಕೆ, ಹೊಸದೆನ್ನಬೇಕೆ? ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ವಯೆಸೀಟೊ ತಂಗುದಾಣವನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ವಯೆಸೀಟೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಕಣಿವೆ. ಪೂರ್ವದಿಂದ ಬರುವವರು ಕೊಲರಾಡೊ ನದಿ ದಾಟಿದ ಮೇಲೆ ಮರಳು, ಬಿಸಿಲುಗಳ ದಾರಿ ಸವೆಸಬೇಕಿತ್ತು. ಹಾಗೆ ಬಂದವರಿಗೆ ಇಲ್ಲಿ ನೀರೂ ಹುಲ್ಲೂ ಸಿಗುತ್ತಿದ್ದವು. 1846ರಲ್ಲಿ ಜನರಲ್ ಕಿಯರ್ನಿಯ ಸೈನ್ಯ, ಆನಂತರ ಚಿನ್ನದ ಆಸೆಗೆ ಹೊರಟ ಜನ ಇಲ್ಲಿ ದಣಿವಾರಿಸಿಕೊಂಡರು. 1852ರಲ್ಲಿ ಇಲ್ಲೊಂದು ಮನೆ ಎದ್ದಿತು. ಹತ್ತಿರದ ಜವುಗು ನೆಲದಿಂದ ಹುಲ್ಲಿನ ಬೇರು ಸಮೇತ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ತೆಗೆದು ಗೋಡೆ ಕಟ್ಟಿದರು. ಮಣ್ಣನ್ನು ಬಿಗಿಯಾಗಿ ಹಿಡಿದಿಟ್ಟದ್ದು ಆ ಬೇರುಗಳೇ.

1857ರಲ್ಲಿ ಸ್ಯಾನ್ ಅಂಟೋನಿಯೊದಿಂದ ಸ್ಯಾನ್ ಡಿಯಾಗೊಗೆ ಟಪಾಲು ಶುರುವಾಯಿತು. ಮರಳಿನ ಹಾದಿಯಲ್ಲಿ ಪ್ರಯಾಣಿಕರು ಹೇಸರಗತ್ತೆಯ ಬೆನ್ನೇರಬೇಕಿತ್ತು. ಜನ ಅದಕ್ಕೆ ‘ಕತ್ತೆ ಟಪಾಲು’ ಎಂದೇ ಅಡ್ಡಹೆಸರಿಟ್ಟರು! ಮರುವರ್ಷ ಬಟರ್‌ಫೀಲ್ಡ್ ಕಂಪೆನಿಯ ಬಂಡಿಗಳು ಬಂದವು. ವಾರಕ್ಕೆರಡು ಸಲ, ಸುಮಾರು 4,500 ಕಿಲೋಮೀಟರ್ ದಾರಿಯನ್ನು 25 ದಿನಗಳೊಳಗೆ ಮುಗಿಸಬೇಕೆಂಬುದು ಕರಾರು. ಅದಕ್ಕೆ ಸರ್ಕಾರ ಕೊಡುತ್ತಿದ್ದುದು ವರ್ಷಕ್ಕೆ 6 ಲಕ್ಷ ಡಾಲರ್. ಹಗಲೂ ರಾತ್ರಿ ಓಡುವ ಬಂಡಿಗೆ ತಂಗುದಾಣವೆಂದರೆ ಪ್ರಾಣಿಗಳನ್ನು ಬದಲಿಸಿ, ನಾಲ್ಕು ತುತ್ತು ತಿಂದು ಹೊರಡುವಷ್ಟು ಹೊತ್ತು ಮಾತ್ರ.

1861ರಲ್ಲಿ, ಅಂತರ್ಯುದ್ಧದ ಹೊತ್ತಿಗೆ, ಟಪಾಲಿನ ದಾರಿ ಉತ್ತರಕ್ಕೆ ಸರಿಯಿತು. ಮುಂದೆ ರೈಲು ಬಂತು. ಕೇಳುವವರಿಲ್ಲದ ಮಣ್ಣಿನ ಗೋಡೆ ಗಾಳಿ ಮಳೆಗೆ ಕರಗತೊಡಗಿತು. 1934ರಲ್ಲಿ ಅದನ್ನು ಪುನಃ ಕಟ್ಟಲಾಯಿತು. ಇಂದು ಅದು ಸ್ಯಾನ್ ಡಿಯಾಗೊ ಕೌಂಟಿಯ ಉದ್ಯಾನದೊಳಗೆ ನಿಂತಿದೆ.

ಹಾಗಾದರೆ ನಾವು ನೋಡುವುದು ಬಂಡಿ ನಿಲ್ಲುತ್ತಿದ್ದ ಮನೆಯನ್ನೋ, ಅದರ ನಕಲನ್ನೋ? ಕ್ಯಾಲಿಫೋರ್ನಿಯಾ ಸರ್ಕಾರದ ಸ್ಮಾರಕ ಫಲಕ ಈ ವಿಷಯವನ್ನು ಮುಚ್ಚಿಟ್ಟಿಲ್ಲ. 1852ರ ಜತೆಗೆ 1934ನ್ನೂ ಹೇಳುತ್ತದೆ. ನನಗೆ ಮೆಚ್ಚಿಕೆಯಾದದ್ದು ಆ ಪ್ರಾಮಾಣಿಕತೆ. ಗೋಡೆ ಹೊಸತೆಂದು ಒಪ್ಪಿಕೊಂಡ ಮೇಲೂ ಜಾಗದ ಬೆಲೆ ಕುಗ್ಗುವುದಿಲ್ಲ. ಅಲ್ಲಿ ಮನೆ ಯಾಕೆ ಬೇಕಾಯಿತು ಎಂಬುದನ್ನು ಸುತ್ತಲಿನ ಮರುಭೂಮಿಯೇ ಹೇಳುತ್ತದೆ.

ಆದರೆ ಗೋಡೆಯನ್ನು ಮತ್ತೆ ಎತ್ತಿದ ಮಾತ್ರಕ್ಕೆ ಚರಿತ್ರೆ ಪೂರ್ತಿಯಾಗದು. ಬಂಡಿ, ಟಪಾಲು, ಸೈನ್ಯಗಳಿಗಿಂತ ಎಷ್ಟೋ ಮೊದಲು ಆ ನೀರನ್ನು ನಂಬಿ ಬದುಕಿದ್ದವರು ಕುಮೆಯಾಯ್ ಮೂಲನಿವಾಸಿಗಳು. ತಂಗುದಾಣದ ಕಥೆ ಹೇಳುವಾಗ ಸುಲಭವಾಗಿ ಬಿಟ್ಟುಹೋಗುವವರೂ ಅವರೇ.

ಮಕ್ಕಳನ್ನು ಹಳೆಯ ಸ್ಥಳಗಳಿಗೆ ಕರೆದೊಯ್ಯುವ ತಂದೆ ತಾಯಿಯರು ಮೂರು ಪ್ರಶ್ನೆಗಳನ್ನು ಕಲಿಸಿಕೊಟ್ಟರೆ ಸಾಕು: ಇದನ್ನು ಕಟ್ಟಿದ್ದು ಯಾವಾಗ? ಮತ್ತೆ ಕಟ್ಟಿದ್ದು ಯಾವಾಗ? ಇದಕ್ಕೂ ಮೊದಲು ಇಲ್ಲಿ ಯಾರಿದ್ದರು?