ದೇವನಹಳ್ಳಿಯ ಕಾವಳ

ಬೆಂಗಳೂರಿನ ವಿಮಾನನಿಲ್ದಾಣವು 2008ರಲ್ಲಿ ದೇವನಹಳ್ಳಿಯ ಬಯಲಿಗೆ ಬಂದುದನ್ನು ವಾಚಕರು ಬಲ್ಲರಷ್ಟೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರವಾದ ಈ ಪ್ರದೇಶದಲ್ಲಿ ಮಾಗಿಯ ರಾತ್ರಿಗಳು ಮೋಡವಿಲ್ಲದೆ, ಗಾಳಿಯಾಡದೆ ಇರುವಾಗ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವುದು; ಅದರ ಮೇಲಣ ತೇವದ ಗಾಳಿಯು ಬೆಳಗಿನ ಜಾವಕ್ಕೆ ಕಾವಳವಾಗಿ ಕವಿಯುವುದು. ನೀಹಾರ, ಮಿಹಿಕಾ ಎಂದು ಅದರ ಪರ್ಯಾಯಪದಗಳನ್ನು ಮೂವತ್ತು ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ ನಮಗೆ ಅವುಗಳ ಅರ್ಥ ತಿಳಿದದ್ದು 2018ರ ಜನವರಿಯಲ್ಲಿ.

ಆಗ ದೇವನಹಳ್ಳಿಗೆ ಸಮೀಪದ ವಿಜಯಪುರದಲ್ಲಿ ನಮ್ಮ ಅಕ್ಕನವರಿಗೆ ದೇಹಸ್ಥಿತಿ ಕೆಟ್ಟಿದ್ದಿತು. ಮುಂಬಯಿಯಿಂದ ನಸುಕಿನ ವಿಮಾನದಲ್ಲಿ ಹೊರಟೆವು. ದೇವನಹಳ್ಳಿಯ ಮೇಲೆ ಮುಕ್ಕಾಲು ಗಂಟೆ ಸುತ್ತಿದೆವು. ಕೆಳಗೆ ಹಿಂಜಿದ ಹತ್ತಿಯಂತಹ ಬಿಳುಪು. ನಂದಿಬೆಟ್ಟದ ನೆತ್ತಿ ಮಾತ್ರ ಅದರಿಂದ ಹೊರಗೆ. ಕಡೆಗೆ ವಿಮಾನವು ಚೆನ್ನೈಗೆ ಹೋಗಿ ಇಳಿಯಿತು. ನಾವು ವಿಜಯಪುರದ ಮನೆಯನ್ನು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕನವರು ಹತ್ತಕ್ಕೇ ತೀರಿಕೊಂಡಿದ್ದರು. ವಿಮಾನಚಾಲಕನು ಮಾಡಿದ್ದು ಸರಿಯೇ. ಆದರೂ ಅಕ್ಕನ ಊರಿನ ನೆತ್ತಿಯ ಮೇಲೆ ಹಾರಾಡಿ ಇಳಿಯಲಾರದೆ ಹೋದೆವಲ್ಲಾ ಎಂಬ ವ್ಯಥೆ ಹಾಗೆಯೇ ಉಳಿಯಿತು.

ಈ ವರ್ಷ ಮಾಘಮಾಸದಲ್ಲಿ ಅದೇ ಅಕ್ಕನ ಮೊಮ್ಮಗಳ ಮದುವೆ. ಧಾರೆಯ ಮುಹೂರ್ತ ಹತ್ತೂವರೆಗೆ. ಮನೆಯಲ್ಲಿ ಮಗುವಿನ ಜ್ವರದ ದೆಸೆಯಿಂದ ಹಿಂದಿನ ದಿನ ಹೊರಡಲಾಗಲಿಲ್ಲ. ಮತ್ತೆ ಅದೇ ನಸುಕಿನ ವಿಮಾನ, ಮತ್ತೆ ಅದೇ ಬಿಳುಪು. ದಾರಿಯಲ್ಲಿ ಪರಿಚಯವಾಗಿದ್ದ ಪಕ್ಕದ ಆಸನದ ತರುಣ ಇಂಜಿನಿಯರನು ನಮ್ಮ ಮುಖವನ್ನು ನೋಡಿ, “ಗಾಬರಿಯಾಗಬೇಡಿ ಮೇಷ್ಟ್ರೇ, ಇಂದು ಇಳಿಯುತ್ತೇವೆ” ಎಂದನು.

ಅವನು ವಿವರಿಸಿದ್ದು ಹೀಗೆ: ರನ್‌ವೇಯ ಆಚೆಯ ತುದಿಯಲ್ಲಿರುವ ಆಂಟೆನಾಗಳು ಎರಡು ರೇಡಿಯೋ ಸಂಕೇತಗಳನ್ನು ಕಳುಹಿಸುತ್ತವೆ. ನಡುಗೆರೆಯ ಎಡಕ್ಕೆ ಒಂದರ ಬಲ ಹೆಚ್ಚು, ಬಲಕ್ಕೆ ಇನ್ನೊಂದರದು. ಎರಡೂ ಸಮನಾದರೆ ವಿಮಾನವು ನೇರದಲ್ಲಿದೆಯೆಂದರ್ಥ. ಗಾಲಿಗಳು ನೆಲ ಮುಟ್ಟುವ ಸ್ಥಳದ ಪಕ್ಕದಲ್ಲಿ ನಿಂತ ಮತ್ತೊಂದು ಆಂಟೆನಾ ಇದೇ ರೀತಿಯಲ್ಲಿ ಮೇಲು ಕೆಳಗುಗಳನ್ನು ತಿಳಿಸಿ, ಸುಮಾರು 3 ಡಿಗ್ರಿಯ ಇಳಿಜಾರೊಂದನ್ನು ಆಕಾಶದಲ್ಲಿ ಹಾಸುವುದು. ಈ ವಿದ್ಯೆ 2018ರಲ್ಲಿಯೂ ಇದ್ದಿತು. ಆದರೆ ಆಗಿನ ಏರ್ಪಾಡಿನಲ್ಲಿ ನೆಲದಿಂದ 200 ಅಡಿ ಎತ್ತರಕ್ಕೆ ಇಳಿಯುವಷ್ಟರಲ್ಲಿ ಚಾಲಕನಿಗೆ ದೀಪಗಳಾದರೂ ಕಾಣಬೇಕು, ರನ್‌ವೇಯ ಮೇಲೆ ದೃಷ್ಟಿಯು 550 ಮೀಟರ್ ಹರಿಯಬೇಕು. 2019ರ ಡಿಸೆಂಬರಿನಲ್ಲಿ ತೆರೆದ ದಕ್ಷಿಣದ ರನ್‌ವೇಯಲ್ಲಿ, ‘ಕ್ಯಾಟ್ ಮೂರು-ಬಿ’ ಎಂಬ ಶ್ರೇಣಿಯ ಏರ್ಪಾಡು 2021ರಿಂದ ಬಳಕೆಯಲ್ಲಿರುವುದರಿಂದ, 50 ಮೀಟರ್ ಕಂಡರೆ ಸಾಕು. ಗಾಲಿ ನೆಲ ಮುಟ್ಟುವವರೆಗೂ ಯಂತ್ರವೇ ಇಳಿಸುವುದು. ವಿಮಾನದಲ್ಲಿ ತಕ್ಕ ಉಪಕರಣವೂ ಚಾಲಕರಿಗೆ ತಕ್ಕ ಶಿಕ್ಷಣವೂ ಇರತಕ್ಕದ್ದು. ಕೆಳಗೆ ವಾಹನವೊಂದು ಆಂಟೆನಾದ ಮುಂದೆ ಹಾದರೂ ಸಂಕೇತವು ಬಾಗಬಹುದಾದಕಾರಣ ವಿಮಾನಗಳನ್ನು ಒಂದರಿಂದೊಂದು ದೂರದಲ್ಲಿ ಬಿಡುವರು, ತಡವೇನೋ ತಪ್ಪದು.

ಮಾತು ಮುಗಿಯುವಷ್ಟರಲ್ಲಿ ರೆಕ್ಕೆಯ ತುದಿಯ ದೀಪವೂ ಮರೆಯಾಯಿತು. ಕಿಟಕಿಯ ಹೊರಗೆ ಏನೂ ಇಲ್ಲ. ನಾವು ಕೈಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆವು. ನೆಲ ಬಂದಿತೆಂದು ತಿಳಿದದ್ದು ಬೆನ್ನಿಗೆ. ಕಣ್ಣಿಗೆ ಆಮೇಲೆಯೇ ಒಂದೆರಡು ದೀಪ ಕಂಡವು.

ಹೊರಗೆ ಟ್ಯಾಕ್ಸಿಯವನು ಆಳು ನಡೆಯುವ ವೇಗದಲ್ಲಿ ಹೋದನು. ಪಾಪ, ಅವನಿಗೆ ಅಂತಹ ಸಂಕೇತವೆಲ್ಲಿಯದು! ಛತ್ರವನ್ನು ಸೇರಿದಾಗ ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇದ್ದಿತು. ಭಾವನವರು ಕೋಲೂರಿಕೊಂಡು ಬಾಗಿಲಲ್ಲಿಯೇ ನಿಂತಿದ್ದರು.

“ಈ ಸಲ ಬಂದೆಯಲ್ಲಪ್ಪಾ” ಎಂದರು.