ಎರಡು ಅವಧಿಯ ಮರ್ಯಾದೆ

ಅಮೆರಿಕದಲ್ಲಿ ಒಬ್ಬನೇ ವ್ಯಕ್ತಿ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷನಾಗಿ ಆಯ್ಕೆಯಾಗಬಾರದೆಂಬ ಕಟ್ಟಳೆ ಸಂವಿಧಾನದೊಳಗೆ ಸೇರಿದ್ದು 1951ರಲ್ಲಿ. ಅದಕ್ಕೆ ಮುಂಚೆ ಒಂದೂವರೆ ಶತಮಾನ ಅದು ಬರಿಯ ರೂಢಿಯಾಗಿತ್ತು. 1796ರಲ್ಲಿ ಮೂರನೆಯ ಅವಧಿ ಒಲ್ಲೆನೆಂದ ವಾಷಿಂಗ್ಟನ್ ತತ್ತ್ವವನ್ನು ಸಾರುತ್ತಿರಲಿಲ್ಲ. ದಣಿದಿದ್ದರು, ಮನೆಗೆ ಮರಳಬೇಕೆಂದಿದ್ದರು. ಆ ದಣಿವಿಗೆ ತತ್ತ್ವದ ಮಾತು ಕೊಟ್ಟವರು ಜೆಫರ್ಸನ್. 1880ರಲ್ಲಿ ಗ್ರಾಂಟ್ ಮೂರನೆಯ ಅವಧಿಯನ್ನು ಬಯಸಿ ಸ್ವಪಕ್ಷದಲ್ಲೇ ಸೋತರು. 1940ರಲ್ಲಿ, ಮತ್ತೆ 1944ರಲ್ಲಿ ರೂಸ್‌ವೆಲ್ಟ್ ಗೆದ್ದ ಮೇಲೆ ರೂಢಿಯನ್ನು ನೆಚ್ಚಲಾಗದೆಂದು ಅದನ್ನು ಕಾನೂನಾಗಿ ಬರೆದರು.

ನಮ್ಮ ಸಂವಿಧಾನದ 57ನೆಯ ವಿಧಿ ಬಾಗಿಲನ್ನು ತೆರೆದೇ ಇಟ್ಟಿದೆ: ರಾಷ್ಟ್ರಪತಿಯಾಗಿದ್ದವರು ಮತ್ತೆ ಆಯ್ಕೆಯಾಗಬಹುದು. ಹಾಗೆ ಎರಡು ಚುನಾವಣೆ ಗೆದ್ದವರು ರಾಜೇಂದ್ರ ಪ್ರಸಾದರೊಬ್ಬರೇ, 1952 ಮತ್ತು 1957ರಲ್ಲಿ. ಎರಡನೆಯ ಸಲ ನೆಹರೂ ಅವರ ಒಲವು ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರ ಕಡೆಗಿತ್ತು. 1962ರ ತರುವಾಯ ಯಾರೊಬ್ಬರೂ ಎರಡನೆಯ ಬಾರಿ ಆಯ್ಕೆಯಾಗಿಲ್ಲ. ಬರೆಯದ ನಿಯಮವೊಂದು ತಾನಾಗಿಯೇ ಬೇರುಬಿಟ್ಟಿದೆ.

ಆ ಪೀಠದ ಕಥೆಯಲ್ಲಿ ನಮ್ಮ ಜಿಲ್ಲೆಗೂ ಒಂದು ಪಾಲಿದೆ. 1969ರಲ್ಲಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಾಗ, ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರು. ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ, ಗೆದ್ದವರು ವಿ.ವಿ. ಗಿರಿ; ಆ ವರ್ಷ ಕಳೆಯುವುದರೊಳಗೆ ಪಕ್ಷ ಇಬ್ಭಾಗ. ಆಗ ಎಲ್ಲರೂ ನೋಡಿದ್ದು ಪೀಠದಲ್ಲಿ ಯಾರ ಮನುಷ್ಯ ಕೂರುತ್ತಾನೆಂಬುದನ್ನೇ. ಎಷ್ಟು ಕಾಲ ಕೂರಬೇಕೆಂಬುದು ಆ ಗದ್ದಲದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಇದನ್ನೆಲ್ಲ ಈಚೆಗೆ ತಿರುವಿಹಾಕಲು ನನಗೊಂದು ಸ್ವಂತ ಕಾರಣವಿದೆ. ಚಳ್ಳಕೆರೆಯಲ್ಲಿ ನಾವು ಕೆಲವರು ನಡೆಸುವ ಪುಟ್ಟ ಅಧ್ಯಯನ ಬಳಗದಲ್ಲಿ ಅಧ್ಯಕ್ಷನ ಅವಧಿ ಮೂರು ವರ್ಷ; ಎಷ್ಟು ಬಾರಿ ಎಂಬ ವಿಷಯದಲ್ಲಿ ನಿಯಮಾವಳಿ ಮೌನ. ನನ್ನ ಎರಡನೆಯ ಅವಧಿ ಮುಗಿಯುತ್ತ ಬಂದಿದೆ, ಓಲೆಗರಿಗಳ ಸೂಚಿ ಅರ್ಧಕ್ಕೆ ನಿಂತಿದೆ. "ಇದು ಮುಗಿಯೋವರೆಗಾದರೂ ನೀವೇ ಇರಿ ಸಾರ್" ಎಂದು ಕಿರಿಯ ಮಿತ್ರರು ಹೇಳುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ. ನನಗದು ಹಿತವಾಗಿ ಕೇಳಿಸುತ್ತದೆಂಬುದೇ ನನ್ನ ಅಳುಕಿಗೆ ಕಾರಣ. ಅರ್ಧ ಉಳಿದ ಕೆಲಸ ಯಾವ ಅಧ್ಯಕ್ಷನಿಗೆ ತಾನೆ ಇರುವುದಿಲ್ಲ?

ಜೈನ ಪುರಾಣಗಳನ್ನು ಓದಿ ಬೆಳೆದವನಿಗೆ ಪೀಠತ್ಯಾಗ ಹೊಸ ವಿಷಯವೇನಲ್ಲ. ಪಂಪನ 'ಆದಿಪುರಾಣ'ದಲ್ಲಿ ನೀಲಾಂಜನೆ ಕುಣಿಯುತ್ತಲೇ ಇಲ್ಲವಾಗುತ್ತಾಳೆ. ಪುರುದೇವನಿಗೆ ಅಷ್ಟು ಸಾಕು. ಆದರೆ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಮುಂದಿನ ಘಟ್ಟವನ್ನು: ರಾಜ್ಯ ಹೋಗುವುದು ಮಕ್ಕಳಿಗೆ. ವೈರಾಗ್ಯವು ವ್ಯಕ್ತಿಯ ಅವಧಿಗೆ ಮಿತಿ ಹಾಕುತ್ತದೆ, ಮನೆತನದ ಅವಧಿಗಲ್ಲ. ಅಣ್ಣತಮ್ಮಂದಿರ ಕಾಳಗ ಹುಟ್ಟುವುದೂ ಅಲ್ಲಿಂದಲೇ. ಈಗ ಗ್ರಾಮ ಪಂಚಾಯತಿ ಅಧ್ಯಕ್ಷರ ಅವಧಿ 30 ತಿಂಗಳು, ಜೊತೆಗೆ ಸರದಿಯ ಮೀಸಲಾತಿ; ಹಾಗಿದ್ದೂ ಹೆಂಡತಿಯ ಕುರ್ಚಿಯ ಪಕ್ಕದಲ್ಲಿ ಗಂಡ ಇನ್ನೊಂದು ಕುರ್ಚಿ ಎಳೆದುಕೊಂಡು ಕೂರುವುದನ್ನು ನಮ್ಮ ಕಡೆ ಯಾರು ಕಂಡಿಲ್ಲ? ಕಾನೂನು ಎಣಿಸುವುದು ಹೆಸರನ್ನು, ಮನೆಯನ್ನಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ನಾನು ಪಾಠ ಮಾಡುವಾಗ ಧರ್ಮದ ಭಾಗಕ್ಕಿಂತ ಅದರ ಮೊದಲ ಸಾಲುಗಳಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಆಜ್ಞೆಯನ್ನು ತಿಳಿಸುತ್ತಾರೆ. ಯಾರ ಹೆಸರೂ ಇಲ್ಲ. ಇಸಿಲದಲ್ಲಿ ಆಗ ಅಧಿಕಾರದಲ್ಲಿದ್ದವರು ಯಾರು, ಎಷ್ಟು ವರ್ಷ ಇದ್ದರು? ಬಂಡೆಗೆ ಅದು ಬೇಕಿಲ್ಲ. ಅದು ಮಾತನಾಡುವುದು ಹುದ್ದೆಯೊಂದಿಗೆ. ಕೊನೆಯಲ್ಲಿ ಬರುವ ಹೆಸರು ಲಿಪಿಕಾರ ಚಪಡನದು. ತಾನು ಲಿಪಿಕಾರನೆಂಬ ಮಾತನ್ನು ಅವನು ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಂದ ಎಲ್ಲಿಗೆ ಬಂದ ಕೈ! 1892ರಲ್ಲಿ ರೈಸ್ ಈ ಶಾಸನಗಳನ್ನು ಪತ್ತೆಹಚ್ಚಿದಾಗ ಇಸಿಲದ ಮಹಾಮಾತ್ರರು ಹೆಸರಿಲ್ಲದೆಯೇ ಸಿಕ್ಕರು, ಬರೆದವನು ಹೆಸರಿನೊಂದಿಗೆ ಸಿಕ್ಕ.

ಓಲೆಗರಿಗಳ ಸೂಚಿ ಮಾಡಲು ಅಧ್ಯಕ್ಷನೇ ಆಗಬೇಕೆಂದಿಲ್ಲ. ಮುಂದಿನ ಸಭೆಗೆ ನನ್ನ ಹೆಸರನ್ನು ಸೂಚಿಸಬಾರದೆಂದು ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ಜೊತೆಗೊಂದು ತಿದ್ದುಪಡಿಯ ಕರಡನ್ನೂ ಇಟ್ಟಿದ್ದೇನೆ: ಒಬ್ಬರಿಗೆ ಎರಡು ಅವಧಿ, ಅಷ್ಟೇ. "ಅವರ ಮನೆಯವರಿಗೂ" ಎಂಬ ಎರಡು ಪದಗಳನ್ನು ಸೇರಿಸಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ. ಬಳಗದಲ್ಲಿ ಇಬ್ಬರಿಗೆ ಅದು ಒಪ್ಪಿಗೆಯಿಲ್ಲ.