ದಂಡನೆಗೆ ಮೊದಲು ಒಂದು ಮಾತು

ಮಧ್ಯಾಹ್ನದ ವಿರಾಮವು ಮುಗಿದು ಗಂಟೆ ಬಾರಿಸಿದೆ. ತರಗತಿಯ ಕಿಟಕಿಯ ಗಾಜು ಒಡೆದು ಚೂರುಗಳು ನೆಲದ ಮೇಲೆ ಬಿದ್ದಿವೆ. ಕಿಟಕಿಯ ಬಳಿ ಒಬ್ಬ ಹುಡುಗನು ನಿಂತಿದ್ದಾನೆ. ಹಿಂದೆ ಎರಡು ಮೂರು ಸಲ ತುಂಟತನಕ್ಕಾಗಿ ಸಿಕ್ಕಿಬಿದ್ದವನು. ಒಳಗೆ ಬಂದ ಉಪಾಧ್ಯಾಯರು ಗಾಜನ್ನೂ ಹುಡುಗನನ್ನೂ ಒಂದೇ ನೋಟದಲ್ಲಿ ಕಂಡು, ನಿರ್ಣಯವನ್ನೂ ಆ ನೋಟದಲ್ಲಿಯೇ ಮಾಡಿಬಿಡುತ್ತಾರೆ. "ನಾಳೆಯಿಂದ ಶಾಲೆಗೆ ಬರಬೇಡ, ಬಂದರೆ ನಿಮ್ಮ ತಂದೆಯನ್ನು ಕರೆದುಕೊಂಡು ಬಾ." ಹುಡುಗನು ಬಾಯಿ ತೆರೆಯುವಷ್ಟರಲ್ಲಿ, "ಎದುರುತ್ತರ ಕೊಡುತ್ತೀಯಾ?" ಎಂಬ ಗರ್ಜನೆ. ಇಂತಹ ದೃಶ್ಯವನ್ನು ಕಾಣದ ಶಾಲೆಯು ಅಪೂರ್ವವೆಂದೇ ಹೇಳಬೇಕು. ಗಾಜನ್ನು ಆ ಹುಡುಗನೇ ಒಡೆದಿರಬಹುದು, ಒಡೆಯದೆಯೂ ಇರಬಹುದು. ಆದರೆ ಉತ್ತರಕ್ಕೂ ಎದುರುತ್ತರಕ್ಕೂ ಇರುವ ಭೇದವು ಆ ಕ್ಷಣದಲ್ಲಿ ಅಳಿಸಿಹೋಯಿತೆಂಬುದು ಮಾತ್ರ ನಿಶ್ಚಯ.

ಉತ್ತರವನ್ನು ಕೇಳದೆ ದಂಡಿಸಬಾರದೆಂಬುದು ಪರದೇಶದಿಂದ ಬಂದ ಹೊಸ ಮಾತೇನೂ ಅಲ್ಲ. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರವನ್ನು, ಅಂದರೆ ನ್ಯಾಯವಿಚಾರಣೆಯನ್ನು, ನಾಲ್ಕು ಪಾದಗಳುಳ್ಳದ್ದೆಂದು ಹೇಳಿದ್ದಾರೆ. ಆಪಾದನೆಯ ನಿರೂಪಣೆ ಮೊದಲನೆಯದು, ಪ್ರತಿವಾದಿಯ ಉತ್ತರ ಎರಡನೆಯದು, ಪ್ರಮಾಣಗಳ ಪರಿಶೀಲನೆ ಮೂರನೆಯದು, ನಿರ್ಣಯ ನಾಲ್ಕನೆಯದು. ಮೊದಲನೆಯ ಪಾದದಿಂದ ನಾಲ್ಕನೆಯದಕ್ಕೆ ಹಾರತಕ್ಕವನು ಹಸುವನ್ನು ಎರಡೇ ಕಾಲುಗಳ ಮೇಲೆ ನಡೆಯಿಸಲು ಹೊರಟವನಂತೆ. ಶಾಸ್ತ್ರಪಾಠದಲ್ಲಿಯೂ ಪೂರ್ವಪಕ್ಷವನ್ನು ಮಂಡಿಸದೆ ಸಿದ್ಧಾಂತವನ್ನು ಸ್ಥಾಪಿಸುವುದು ಸಲ್ಲದು. ಪಾಠದಲ್ಲಿ ಈ ಕ್ರಮವನ್ನು ಬೋಧಿಸುವ ಗುರುವು ಶಿಕ್ಷೆಯಲ್ಲಿ ಅದನ್ನು ಮರೆಯುವುದು ಆಶ್ಚರ್ಯವಲ್ಲವೆ?

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯನ ಕಥೆಯನ್ನು ವಾಚಕರು ಬಲ್ಲರು. ಕಳ್ಳರು ಕದ್ದ ಒಡವೆಯನ್ನು ಆತನ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿದರು. ಬೆನ್ನಟ್ಟಿ ಬಂದ ರಾಜಭಟರು ಪ್ರಶ್ನಿಸಿದಾಗ ಮೌನವ್ರತದಲ್ಲಿದ್ದ ಋಷಿಯು ಮಾತಾಡಲಿಲ್ಲ. ಒಡವೆಯು ಸಿಕ್ಕಿದೊಡನೆ ಋಷಿಯನ್ನೂ ಕಳ್ಳರ ಜೊತೆಗೆ ಸೇರಿಸಿ ಶೂಲಕ್ಕೇರಿಸಿದರು. ತನ್ನ ಈ ಕಷ್ಟಕ್ಕೆ ಕಾರಣವೇನೆಂದು ಆತನು ಮುಂದೆ ಯಮಧರ್ಮನನ್ನು ಕೇಳಲು, ಬಾಲ್ಯದಲ್ಲಿ ಹುಳುಗಳನ್ನು ಕಡ್ಡಿಯಿಂದ ಚುಚ್ಚಿದುದರ ಫಲವೆಂಬ ಉತ್ತರ ಬಂದಿತು. ಋಷಿಯು ಕೋಪಗೊಂಡು ಯಮನನ್ನೇ ಶಪಿಸಿ, 14 ವರ್ಷದ ವರೆಗೆ ಮಾಡಿದ ಕಾರ್ಯವು ಪಾತಕವಾಗಲಾರದೆಂದು ಮರ್ಯಾದೆಯನ್ನು ಏರ್ಪಡಿಸಿದನು. ಮೌನವು ತಪ್ಪೊಪ್ಪಿಗೆಯಲ್ಲ, ಮಕ್ಕಳ ತಪ್ಪಿಗೆ ಮಕ್ಕಳ ಅಳತೆಯೇ ಬೇಕು ಎಂಬ ಎರಡು ಪಾಠಗಳು ಈ ಒಂದೇ ಕಥೆಯಲ್ಲಿ ಅಡಗಿವೆ.

ಈ ಎರಡು ಪಾಠಗಳನ್ನೂ ನೆನಪಿಗೆ ತರುವ ಒಂದು ಪ್ರಸಂಗವು ದೂರದ ಅಮೆರಿಕಾ ದೇಶದಲ್ಲಿ ನಡೆಯಿತು. 1971ನೆಯ ಇಸವಿಯ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಓಹಾಯೋ ಸಂಸ್ಥಾನದ ಕೊಲಂಬಸ್ ನಗರದ ಸರಕಾರಿ ಶಾಲೆಗಳಲ್ಲಿ ದೊಡ್ಡ ಗೊಂದಲವೆದ್ದಿತು. ವಿದ್ಯಾರ್ಥಿಗಳನ್ನು 10 ದಿನಗಳ ವರೆಗೆ ಶಾಲೆಯಿಂದ ಹೊರಗಿಡುವ ಅಧಿಕಾರವನ್ನು ಆ ಸಂಸ್ಥಾನದ ಕಾಯಿದೆಯು ಮುಖ್ಯೋಪಾಧ್ಯಾಯರಿಗೆ ಕೊಟ್ಟಿತ್ತು. 24 ಗಂಟೆಗಳೊಳಗೆ ತಂದೆತಾಯಿಗಳಿಗೆ ಕಾರಣವನ್ನು ತಿಳಿಸಬೇಕೆಂದು ವಿಧಿಸಿತ್ತೇ ಹೊರತು, ಹುಡುಗನ ಮಾತನ್ನು ಕೇಳಬೇಕೆಂದು ಎಲ್ಲಿಯೂ ಹೇಳಿರಲಿಲ್ಲ. ಒಂದು ಶಾಲೆಯ ಊಟದ ಕೊಠಡಿಯಲ್ಲಿ ಗಲಭೆಯಾಗಿ ಸಾಮಾನುಗಳು ಹಾಳಾದುವು. ಲೋಪೆಜ್ ಎಂಬ ವಿದ್ಯಾರ್ಥಿಯನ್ನು ಹೊರಗಿಟ್ಟರು. ಅದೇ ದಿನ ಕಡಮೆಯೆಂದರೆ 75 ಮಂದಿಯನ್ನು ತನ್ನಂತೆಯೇ ಹೊರಗಿಟ್ಟರೆಂದೂ, ತಾನು ಬರಿಯ ಪ್ರೇಕ್ಷಕನಾಗಿದ್ದೆನೆಂದೂ ಆತನು ಮುಂದೆ ಸಾಕ್ಷ್ಯ ನುಡಿದನು. ಬೇರೊಂದು ಶಾಲೆಯ ಬಳಿ ನಡೆದ ಪ್ರದರ್ಶನದಲ್ಲಿದ್ದಳೆಂದು ಪೊಲೀಸರು ಇತರರೊಡನೆ ಹಿಡಿದೊಯ್ದು, ಆಪಾದನೆಯನ್ನು ಹೊರಿಸದೆ ಬಿಟ್ಟ ಬಾಲಿಕೆಯೊಬ್ಬಳಿಗೆ, ಮರುದಿನ ಶಾಲೆಗೆ ಹೊರಡುವ ಮುಂಚೆಯೇ 10 ದಿನಗಳ ದಂಡನೆಯ ಸುದ್ದಿ ಮುಟ್ಟಿತು. ಮುಖ್ಯೋಪಾಧ್ಯಾಯರು ಯಾವ ಆಧಾರದಿಂದ ಹಾಗೆ ನಿಶ್ಚಯಿಸಿದರೆಂಬುದಕ್ಕೆ ನ್ಯಾಯಸ್ಥಾನದ ದಾಖಲೆಯಲ್ಲಿ ಏನೂ ಇರಲಿಲ್ಲ.

ಒಂಬತ್ತು ಮಂದಿ ವಿದ್ಯಾರ್ಥಿಗಳ ಈ ಮೊಕದ್ದಮೆಯು "ಗಾಸ್ ವಿರುದ್ಧ ಲೋಪೆಜ್" ಎಂಬ ಹೆಸರಿನಿಂದ ಆ ದೇಶದ ಸರ್ವೋಚ್ಚ ನ್ಯಾಯಸ್ಥಾನವನ್ನು ಮುಟ್ಟಿತು. 1975ನೆಯ ಜನವರಿ 22ರಂದು ಐದು ಮಂದಿ ನ್ಯಾಯಾಧೀಶರು ಮಕ್ಕಳ ಪರವಾಗಿಯೂ ನಾಲ್ವರು ವಿರೋಧವಾಗಿಯೂ ಅಭಿಪ್ರಾಯಪಟ್ಟರು. ಬಹುಮತದ ತೀರ್ಪನ್ನು ಬರೆದವರು ಬೈರನ್ ವೈಟ್. ಸಂಸ್ಥಾನವು ಕಾಯಿದೆಯಿಂದ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟ ಮೇಲೆ ಅದು ಅವರ ಸೊತ್ತು. ಅವರ ಒಳ್ಳೆಯ ಹೆಸರೂ ರಕ್ಷಣೆಗೆ ಅರ್ಹವಾದುದು. ಯುಕ್ತಕ್ರಮವಿಲ್ಲದೆ ಇವೆರಡನ್ನೂ ಕಸಿಯಲಾಗದು ಎಂಬುದು ಅದರ ತಾತ್ಪರ್ಯ.

ಆ ಯುಕ್ತಕ್ರಮವೆಷ್ಟು? ಆಪಾದನೆಯೇನೆಂದು ಬಾಯಿಮಾತಿನಿಂದಲೋ ಬರವಣಿಗೆಯಿಂದಲೋ ತಿಳಿಸುವುದು; ಹುಡುಗನು ಅಲ್ಲವೆಂದರೆ ಆಧಾರವೇನೆಂದು ಹೇಳುವುದು; ಅವನ ಕಥೆಯನ್ನು ಅವನ ಬಾಯಿಂದ ಕೇಳುವುದು. ತಪ್ಪು ನಡೆದ ಕೆಲವು ನಿಮಿಷಗಳಲ್ಲಿಯೇ ಇದನ್ನು ಮುಗಿಸಬಹುದು. ಇಷ್ಟು ಸಣ್ಣ ಅವಧಿಯ ದಂಡನೆಗೆ ವಕೀಲರೂ ಬೇಡ, ಪಾಟೀಸವಾಲೂ ಬೇಡ. ಇತರರಿಗೆ ಅಪಾಯವುಂಟುಮಾಡತಕ್ಕವನನ್ನು ಒಡನೆ ಹೊರಗೆ ಕಳುಹಿಸಿ, ಆಮೇಲೆ ಸಾಧ್ಯವಾದಷ್ಟು ಬೇಗ ವಿಚಾರಿಸಬಹುದು.

ವಿರೋಧಿಸಿದವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅವರ ಪರವಾಗಿ ಬರೆದ ಲೂಯಿಸ್ ಪವೆಲ್, ಗುರುಶಿಷ್ಯರು ವಾದಿ ಪ್ರತಿವಾದಿಗಳಲ್ಲವೆಂದೂ, ಶಾಲೆಯ ದಿನದಿನದ ಶಿಸ್ತಿನಲ್ಲಿ ನ್ಯಾಯಸ್ಥಾನವು ಕೈಹಾಕಲಾಗದೆಂದೂ ವಾದಿಸಿದರು. ನಲವತ್ತು ಐವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಹೇಳಿದವರಿಗೆ ಈ ಭಯವು ಅರ್ಥವಾಗದಿರದು. ಪ್ರತಿಯೊಂದು ಗದರಿಕೆಗೂ ವಿಚಾರಣೆ ನಡೆಯಿಸಬೇಕಾದರೆ ಪಾಠವೆಲ್ಲಿ? ಆದರೆ ಗದರಿಕೆ ಬೇರೆ, ಶಾಲೆಯ ಬಾಗಿಲನ್ನು ಮುಚ್ಚುವುದು ಬೇರೆ. ಗುರುವು ತಂದೆಗೆ ಸಮಾನನೆಂಬುದು ನಿಜವಾದರೆ, ಮಗನ ಮಾತನ್ನು ಕೇಳದೆ ಅವನನ್ನು ಮನೆಯಿಂದ ಹೊರಗೆ ಹಾಕುವ ತಂದೆಯನ್ನು ಲೋಕವು ಮೆಚ್ಚುವುದೆ?

ನಮ್ಮ ದೇಶದಲ್ಲಿಯೂ ಈ ವಿಚಾರವು ಅಪರಿಚಿತವಲ್ಲ. ಉತ್ತರ ಪ್ರದೇಶದ ಮೂವರು ವಿದ್ಯಾರ್ಥಿಗಳು 1954ರ ಇಂಟರ್ಮೀಡಿಯೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುವಾಯ, ಅಕ್ರಮಮಾರ್ಗದ ಆರೋಪದಿಂದ, ಅವರನ್ನು ಒಂದು ಮಾತೂ ಕೇಳದೆ ಫಲಿತಾಂಶವನ್ನು ರದ್ದುಮಾಡಿದರು. ಹಾಗೆ ಮಾಡುವುದು ಸಹಜನ್ಯಾಯಕ್ಕೆ ವಿರುದ್ಧವೆಂದು 1962ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಅಮೆರಿಕಾದ ತೀರ್ಪಿಗಿಂತ ಇದು ಹದಿಮೂರು ವರ್ಷ ಹಿಂದಿನದು. 6ರಿಂದ 14 ವರ್ಷದ ಮಕ್ಕಳಿಗಾಗಿ 2009ರಲ್ಲಿ ಆದ ಶಿಕ್ಷಣ ಹಕ್ಕಿನ ಕಾಯಿದೆಯು, ಪ್ರಾಥಮಿಕ ಶಿಕ್ಷಣವು ಮುಗಿಯುವ ವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕಲಾಗದೆಂದು ವಿಧಿಸಿ, ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಾಂಡವ್ಯನು ಹಾಕಿದ 14 ವರ್ಷದ ಎಲ್ಲೆಯನ್ನು ಇಲ್ಲಿ ಮತ್ತೆ ಕಂಡಾಗ ಮನಸ್ಸಿಗೆ ಸಂತೋಷವಾಗುತ್ತದೆ. ಕಾಯಿದೆಯು ಬಾಗಿಲನ್ನು ತೆರೆದಿಡಬಲ್ಲುದು; ತರಗತಿಯೊಳಗೆ ಕಿವಿಯನ್ನು ತೆರೆದಿಡಬೇಕಾದವರು ಉಪಾಧ್ಯಾಯರೇ.

ಮತ್ತೆ ಆ ಕಿಟಕಿಯ ಬಳಿಗೆ ಹೋಗೋಣ. ಉಪಾಧ್ಯಾಯರು ಒಂದು ನಿಮಿಷ ತಡೆದು, "ಏನಾಯಿತಪ್ಪಾ, ಹೇಳು" ಎಂದರೆನ್ನಿ. ಹುಡುಗನು ತಾನೇ ಒಡೆದೆನೆಂದು ಒಪ್ಪಿಕೊಂಡರೆ, ಒಪ್ಪಿದವನಿಗೆ ಕೊಟ್ಟ ದಂಡನೆಯು ತಿದ್ದುತ್ತದೆ. ಅಲ್ಲವೆಂದು ತೋರಿಸಿಕೊಟ್ಟರೆ, ಅನ್ಯಾಯದಿಂದ ಪಾರಾಗುವವನು ಹುಡುಗನೊಬ್ಬನೇ ಅಲ್ಲ, ಗುರುವೂ ಪಾರಾಗುತ್ತಾನೆ. ಸುಳ್ಳು ಹೇಳಿದರೂ ನಷ್ಟವಿಲ್ಲ; ಪ್ರಮಾಣಗಳು ಇದ್ದೇ ಇವೆ. ಇಡೀ ತರಗತಿಯು ಉಸಿರು ಬಿಗಿಹಿಡಿದು ಇದನ್ನು ನೋಡುತ್ತಿರುತ್ತದೆ. ಅಂದಿನ ಗಣಿತವನ್ನು ಆ ಮಕ್ಕಳು ಮರೆತಾರು. ದೊಡ್ಡವರು ಕೋಪದಲ್ಲಿಯೂ ತಮ್ಮಂತಹ ಒಬ್ಬನ ಮಾತನ್ನು ನಿಂತು ಕೇಳಿದರೆಂಬುದನ್ನು ಬಹುಕಾಲ ಮರೆಯಲಾರರು.